ಗೋಲಿನ ಹಿಂದೆ ನಿಂತವರು

ದಕ್ಷಿಣ ಲಂಡನ್ನಿನ ಚಾಂಪಿಯನ್ ಹಿಲ್ ಮೈದಾನದಲ್ಲಿ ಡಲಿಚ್ ಹ್ಯಾಮ್ಲೆಟ್ ಫುಟ್‌ಬಾಲ್ ತಂಡದ ಆಟ ನೋಡುವ ಖುಷಿಯೇ ಬೇರೆ. 1893ರಲ್ಲಿ ಹುಟ್ಟಿದ ಕ್ಲಬ್. ಬಣ್ಣ ಗುಲಾಬಿ ಮತ್ತು ಕಡುನೀಲಿ. ಗುಲಾಬಿ ಮಫ್ಲರ್ ಸುತ್ತಿಕೊಂಡ ಅಭಿಮಾನಿಗಳು ಎದುರು ತಂಡದ ಗೋಲಿನ ಹಿಂದೆಯೇ ನಿಲ್ಲುತ್ತಾರೆ. ವಿರಾಮದಲ್ಲಿ ತಂಡಗಳು ಬದಿ ಬದಲಿಸಿದರೆ ಇವರೂ ಬಿಯರ್ ಲೋಟ ಚೆಲ್ಲದಂತೆ ಹಿಡಿದು ಆಚೆ ಗೋಲಿಗೆ ನಡೆದುಬಿಡುತ್ತಾರೆ. ಈ ಸಣ್ಣ ಲೀಗಿನಲ್ಲಿ ಇದು ಸಾಧ್ಯ; ದೊಡ್ಡ ಲೀಗುಗಳಲ್ಲಿ ಆಟ ನೋಡುತ್ತಾ ಕುಡಿಯುವುದಕ್ಕೆ 1985ರ ಕಾನೂನೇ ಅಡ್ಡ! ಅಲ್ಲಿ ಬಹುಪಾಲು ಜನ ಸೀಟಿಗೆ ಅಂಟಿ ಕೂರಬೇಕು. ಇಲ್ಲಿ ಗೋಲ್‌ಕೀಪರನನ್ನು ಛೇಡಿಸಿದರೆ ಅವನು ತಿರುಗಿ ನಗುವಷ್ಟು ಹತ್ತಿರ. 1929ರಲ್ಲಿ ಇಂಗ್ಲೆಂಡ್ ಪರ ಮೂರು ಪಂದ್ಯ ಆಡಿದ ಎಡ್ಗರ್ ಕೇಲ್ ಇದೇ ಕ್ಲಬ್ಬಿನ ಹವ್ಯಾಸಿ ಆಟಗಾರ. ಅವನ ಆಟ ಕಣ್ಣಾರೆ ಕಾಣದವರೂ ಈಗಲೂ ಅವನ ಹೆಸರು ಹಾಡುತ್ತಾರೆ, ರಾಗ ತಪ್ಪಿದರೂ ಗಂಟಲು ಹರಿಯುವಷ್ಟು ಜೋರಾಗಿ.