ಚೆಂಡು ಕೈಗೆ ಬರುವ ಮೊದಲೇ

ಸ್ಟೀವ್ ಕರ್ ಅವರ ಬ್ಯಾಸ್ಕೆಟ್‌ಬಾಲ್‌ನಲ್ಲಿ ನನಗೆ ಇಷ್ಟವಾಗುವುದು ಅದರ ಅಚ್ಚುಕಟ್ಟು. ಅವರಿಗಿಂತ ಎತ್ತರದವರು, ವೇಗದವರು ಅಮೆರಿಕದ ಎನ್‌ಬಿಎ ಲೀಗಿನ ತುಂಬ ಇದ್ದರು. ಆದರೂ ಮೂರು ಅಂಕದ ಎಸೆತಗಳಲ್ಲಿ ಇಡೀ ವೃತ್ತಿಜೀವನದ ಅವರ ಶೇ. 45.4ರ ಯಶಸ್ಸೇ ಲೀಗಿನ ದಾಖಲೆ.

1997ರ ಫೈನಲ್‌ನ ಆರನೇ ಪಂದ್ಯ ನೋಡಿ. ಕರ್ ಆಡುತ್ತಿದ್ದ ಷಿಕಾಗೊ ಬುಲ್ಸ್, ಎದುರಾಳಿ ಯೂಟಾ ಜಾಜ್ 86-86 ಸಮ. ಕೆಲವೇ ಸೆಕೆಂಡು ಬಾಕಿ. ಎಲ್ಲರ ಕಣ್ಣೂ ಬುಲ್ಸ್ ತಾರೆ ಮೈಕಲ್ ಜೋರ್ಡನ್ ಮೇಲೆ. ಕರ್ ಅವರನ್ನು ಕಾಯಬೇಕಿದ್ದ ಜಾಜ್‌ನ ಜಾನ್ ಸ್ಟಾಕ್ಟನ್ ಕೂಡ ಅತ್ತಲೇ ಸರಿದರು. ಪಾಸ್ ಬರುವಷ್ಟರಲ್ಲಿ ಕರ್ ಸಿದ್ಧರಾಗಿದ್ದರು; ಅಳುಕಲಿಲ್ಲ, ಎಸೆದರು, ಬಿತ್ತು. ಬುಲ್ಸ್ ಗೆದ್ದಿತು. ಕರ್ ಆಟಗಾರರಾಗಿ ಗೆದ್ದ ಐದು ಪ್ರಶಸ್ತಿಗಳಲ್ಲಿ ಅದೊಂದು.

2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಅವರನ್ನು ಮುಖ್ಯ ಕೋಚ್ ಮಾಡಿತು. ಆ ಹುದ್ದೆ ಅವರಿಗೆ ಹೊಸದು. ಮರುವರ್ಷದ ಫೈನಲ್‌ನಲ್ಲಿ ಕ್ಲೀವ್ಲೆಂಡ್ ಎದುರು ತಂಡ 1-2ರಿಂದ ಹಿಂದೆ ಬಿದ್ದಾಗ, ಎತ್ತರದ ಆಂಡ್ರ್ಯೂ ಬೋಗಟ್ ಬದಲು ಆಂಡ್ರೆ ಇಗೊಡಾಲರನ್ನು ಮೊದಲಿಂದಲೇ ಇಳಿಸೋಣ ಎಂದವರು ನಿಕ್ ಯುರೆನ್ ಎಂಬ ಕಿರಿಯ ಸಹಾಯಕ. ಕರ್ ಕಿವಿಗೊಟ್ಟರು. ತಂಡ ಸತತ ಮೂರು ಪಂದ್ಯ ಗೆದ್ದಿತು, ಇಗೊಡಾಲ ಫೈನಲ್‌ನ ಶ್ರೇಷ್ಠ ಆಟಗಾರರಾದರು. ಆ ಉಪಾಯ ಯುರೆನ್ ಅವರದೆಂದು ಕರ್ ಎಲ್ಲರೆದುರು ಹೇಳಿದರು. ಕೋಚ್ ಆಗಿ ಆಮೇಲೆ ಇನ್ನೂ ಮೂರು ಪ್ರಶಸ್ತಿ ಬಂದವು. ನನಗೆ ಮಾತ್ರ ಯುರೆನ್ ಬಗ್ಗೆ ಅವರು ಹೇಳಿದ ಆ ಒಂದು ಮಾತೇ ಹೆಚ್ಚು.