ಹೂಬೇಲಿಗೆ ಕೇಪಳವೇ ಮೇಲು

ಬೇಲಿಗೆಂದು ಹೂಗಿಡ ಕೊಳ್ಳಲು ನರ್ಸರಿಗೆ ಹೋದವರ ಕಣ್ಣು ಮೊದಲು ಹೂವಿನ ಬಣ್ಣಕ್ಕೆ ಬೀಳುತ್ತದೆ. ನೋಡಬೇಕಾದದ್ದು ಎಲೆಯ ಅಡಿಭಾಗವನ್ನು. ಬೇಲಿಯಲ್ಲಿ ಒಂದೇ ಜಾತಿಯ ಗಿಡಗಳು ಕೊಂಬೆಗೆ ಕೊಂಬೆ ತಾಗಿಸಿ ನಿಲ್ಲುವುದರಿಂದ, ಒಂದಕ್ಕೆ ಹತ್ತಿದ ಕೀಟ ಸಾಲಿಗೆಲ್ಲ ಹಬ್ಬುತ್ತದೆ.

ದಾಸವಾಳವನ್ನೇ ತೆಗೆದುಕೊಳ್ಳಿ. ಹೂವು ಚೆಂದ, ಬೆಳವಣಿಗೆ ಬೇಗ. ಆದರೆ ಹಿಟ್ಟು ತಿಗಣೆಗೆ ಅದು ಬಲು ಪ್ರಿಯ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಹಿಪ್ಪುನೇರಳೆಯ ಜೊತೆಗೆ ದಾಸವಾಳವನ್ನೂ ಕಾಡಿತು. ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ ಬಿಟ್ಟ ಮೇಲೆ ಅದರ ಹಾವಳಿ ತಗ್ಗಿತು.

ಪರಿಮಳದ ಬಿಳಿ ಹೂವಿನ ಕಾಮಿನಿಯ ಅಪಾಯ ಬೇರೆ ಬಗೆಯದು. ಕಿತ್ತಳೆ, ನಿಂಬೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಾ ಕೀಟ ಅದರ ಎಳೆ ಚಿಗುರಿನಲ್ಲಿ ಸಂತಾನ ಬೆಳೆಸುತ್ತದೆ. ಕೊಡಗಿನ ಕಿತ್ತಳೆ ತೋಟದ ಪಕ್ಕದಲ್ಲಂತೂ ಕಾಮಿನಿಯ ಬೇಲಿ ಬೇಡವೇ ಬೇಡ.

ಕರಾವಳಿ, ಮಲೆನಾಡಿನ ಕೆಂಪು ಮಣ್ಣಿಗೆ ಕೇಪಳದಂಥ ಗಿಡ ಮತ್ತೊಂದಿಲ್ಲ. ಅದು ದಕ್ಷಿಣ ಭಾರತದ್ದೇ ಗಿಡ. ದಪ್ಪ, ನುಣುಪು ಎಲೆ, ವರ್ಷದ ಬಹುಪಾಲು ಹೂವು, ಉದ್ದ ಕೊಳವೆಯ ಮಕರಂದಕ್ಕೆ ಬರುವ ಚಿಟ್ಟೆಗಳು. ಶಲ್ಕ ಕೀಟ ಆಗೀಗ ಕೂರುತ್ತದೆ. ಅದರ ಸಿಹಿ ಸ್ರಾವಕ್ಕೆ ಬರುವ ಇರುವೆ ಸಾಲು ಕಂಡ ಕೂಡಲೇ ಆ ಕೊಂಬೆ ಕತ್ತರಿಸಿದರೆ ಅದು ಮುಂದುವರಿಯುವುದಿಲ್ಲ.

ಕೇಪಳದ ಎಲೆ ನರಗಳಷ್ಟೇ ಹಸಿರಾಗಿ ಉಳಿದು ಹಳದಿಗೆ ತಿರುಗಿದಾಗ ಅನೇಕರು ರೋಗವೆಂದು ಔಷಧ ಸಿಂಪಡಿಸುತ್ತಾರೆ. ಸಾಮಾನ್ಯವಾಗಿ ಅದು ಕಬ್ಬಿಣದ ಕೊರತೆ. ಕಾಂಪೌಂಡ್ ಗೋಡೆಯ ಸಿಮೆಂಟಿನ ಸುಣ್ಣದಂಶ ಮಣ್ಣಿಗಿಳಿದು ಕಬ್ಬಿಣ ಬೇರಿಗೆ ಸಿಗದಂತೆ ಮಾಡುತ್ತದೆ. ಗೋಡೆಯಿಂದ ಎರಡಡಿ ದೂರ ನೆಟ್ಟು, ಬುಡಕ್ಕೆ ಎಲೆಗೊಬ್ಬರ, ಬೇಕಾದರೆ ಸ್ವಲ್ಪ ಅನ್ನಭೇದಿ ಕೊಟ್ಟರೆ ಹಸಿರು ಮರಳುತ್ತದೆ.

ಕತ್ತರಿಯ ವಿಷಯದಲ್ಲೂ ಸಂಯಮ ಬೇಕು. ಹೂಗೊಂಚಲು ಮೂಡುವುದು ಕೊಂಬೆಯ ತುದಿಯಲ್ಲೇ. ಪದೇ ಪದೇ ಗೋಡೆಯಂತೆ ಸವರಿದರೆ ಮೊಗ್ಗೆಲ್ಲ ಹೋಗುತ್ತದೆ. ಒಂದು ಸುತ್ತು ಹೂವು ಮುಗಿದ ಮೇಲೆ ಸವರುವುದು ಸರಿ.

ಬಯಲುಸೀಮೆಯ ಸುಣ್ಣದ ಮಣ್ಣಿನವರು ಮಾತ್ರ ಕೇಪಳಕ್ಕೆ ಹಟ ಹಿಡಿಯುವುದು ಬೇಡ. ಅಲ್ಲಿಗೆ ಕಾಗದದ ಹೂವೇ ಸೂಕ್ತ: ಬಿಸಿಲು ತಡೆಯುತ್ತದೆ, ಕಡಿಮೆ ನೀರು ಸಾಕು, ಮುಳ್ಳಿರುವುದರಿಂದ ದನವೂ ದೂರ. ಎರಡರಲ್ಲಿ ಯಾವುದೇ ಇರಲಿ, ಮುಂಗಾರು ಶುರುವಾದೊಡನೆ ನೆಡಿ.