ಚಾಲೂ ಆದರೆ ಸಾಕೇ?

ಬೆಳಗಾವಿಯಲ್ಲಿ ಹಳೆ ಚೈನ್‌ಸಾ ಮಾರುವವರಿಗೂ ಕೊಳ್ಳುವವರಿಗೂ ಗೊತ್ತಿರುವ ಪರೀಕ್ಷೆ ಒಂದೇ. ಹಗ್ಗ ಜಗ್ಗುವುದು, ಎಂಜಿನ್ ಹೊತ್ತಿಕೊಂಡರೆ ಎರಡು ಸಲ ರೇಸ್ ಮಾಡುವುದು, ಪಕ್ಕದಲ್ಲಿ ಬಿದ್ದ ಯಾವುದೋ ತುಂಡಿನ ಮೇಲೆ ಒಂದು ಗೀರು ಹಾಕುವುದು. ‘ನೋಡ್ರಿ ಕಾಕಾ, ಒಂದ ಜಗ್ಗಿಗೆ ಚಾಲೂ ಆತು, ಇನ್ನೇನ ಬೇಕ್ರಿ?’ ಅಲ್ಲಿಗೆ ವ್ಯವಹಾರ ಮುಗಿಯಿತು. ರಿಪೇರಿ ಅಂಗಡಿಯಲ್ಲೂ ಇದೇ ಅಳತೆ: ಸತ್ತ ಮಷಿನ್ ಸದ್ದು ಮಾಡಿದರೆ ರಿಪೇರಿ ಆದಂತೆ. ಈ ಅಳತೆಯಿಂದ ದುಡ್ಡೂ ಹಾಳು, ಕೈಕಾಲಿಗೂ ಅಪಾಯ. ನಮ್ಮ ಮೆಕ್ಯಾನಿಕ್‌ಗಳಿಗೆ ಕಸುಬು ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಗಿರಾಕಿಗಳಾದ ನಾವು ಅವರಿಂದ ಕೇಳುತ್ತಿರುವುದೇ ತೀರಾ ಕಡಿಮೆ.

ಈ ಭಾಗದಲ್ಲಿ ಗಿಡ ಕೊಯ್ಯುವ ಮಷಿನ್ ಚೈನಿಯ ವಸ್ತುವಲ್ಲ. ಖಾನಾಪುರದಿಂದ ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ, ದಕ್ಷಿಣಕ್ಕೆ ಲೋಂಡಾ, ನಾಗರಗಾಳಿಯವರೆಗೆ ಹೊಲದ ಬದುವಿನಲ್ಲೂ ತೋಟದಲ್ಲೂ ಗೋಡಂಬಿ, ಮಾವು, ಅಕೇಶಿಯಾ, ಸಾಗವಾನಿ ನಿಂತಿವೆ. ಮೇ ತಿಂಗಳ ಅಡ್ಡಮಳೆಯ ಗಾಳಿಗೆ ಟೊಂಗೆ ಮುರಿದು ಹೆಸ್ಕಾಂ ತಂತಿಯ ಮೇಲೆ ಬೀಳುತ್ತವೆ, ರಸ್ತೆ ಬಂದ್ ಆಗುತ್ತದೆ. ಊರೊಳಗೂ ಹಾಗೆಯೇ. ಕ್ಯಾಂಟೋನ್ಮೆಂಟಿನ ಹಳೆಯ ಮರಗಳಿರಲಿ, ಮಹಾಂತೇಶ ನಗರದ ಮನೆ ಮುಂದಿನ ತೆಂಗು, ಮಾವು, ಗುಲ್‌ಮೊಹರ್ ಇರಲಿ, ಮಳೆಗಾಲಕ್ಕೆ ಮುಂಚೆ ಸವರದಿದ್ದರೆ ಹಂಚಿನ ಮೇಲೋ ಕಾರಿನ ಮೇಲೋ ಬೀಳುವುದು ಖಾತ್ರಿ. ಎರಡು ತಿಂಗಳ ಕೆಲಸ ಮುಗಿಸಿದ ಗುತ್ತಿಗೆದಾರರು ಮಷಿನ್ ಮಾರುತ್ತಾರೆ, ರೈತರು ಕೊಳ್ಳುತ್ತಾರೆ. ಹೀಗೆ ಒಂದೇ ಯಂತ್ರ ಮೂರು ನಾಲ್ಕು ಕೈ ದಾಟುತ್ತದೆ.

ಹಳೆಯದನ್ನು ಯಾಕೆ ಕೊಳ್ಳಬೇಕು, ಆರೇಳು ಸಾವಿರಕ್ಕೆ ಹೊಸ ಚೀನಾ ಮಷಿನ್ ಸಿಗುತ್ತದಲ್ಲ ಎಂಬ ಪ್ರಶ್ನೆ ಸಹಜ. 52 ಸಿಸಿ, 58 ಸಿಸಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು, 22 ಇಂಚಿನ ಬಾರ್ ಹಾಕಿ ಹತ್ತಾರು ಹೆಸರಿನಲ್ಲಿ ಮಾರುತ್ತಾರೆ. ವರ್ಷಕ್ಕೆ ನಾಲ್ಕು ಟೊಂಗೆ ಕೊಯ್ಯುವವರಿಗೆ ಅದು ನಡೆದೀತು. ವಾರಗಟ್ಟಲೆ ಕೆಲಸ ಇರುವವರಿಗೆ ಅಲ್ಲ. ಅದೇ ದುಡ್ಡಿಗೆ ಸ್ವಲ್ಪ ಸೇರಿಸಿ, ಚೆನ್ನಾಗಿ ಇಟ್ಟುಕೊಂಡ ಹಳೆಯ ಸ್ಟಿಲ್ ಅಥವಾ ಹಸ್ಕ್‌ವರ್ನಾ ಕೊಳ್ಳುವುದೇ ಲೇಸು, ಏಕೆಂದರೆ ಅದರ ಒಂದೊಂದು ಬಿಡಿಭಾಗಕ್ಕೂ ನಂಬರ್ ಇದೆ, ವರ್ಷಗಳ ಮೇಲೂ ಸಿಗುತ್ತದೆ. ರೈತರಿಗೆ 45.4 ಸಿಸಿಯ ಎಂಎಸ್ 250 ಸಾಕು. ಟೊಂಗೆ ಸವರಲು 31.8 ಸಿಸಿಯ ಎಂಎಸ್ 180 ಆದೀತು. 72.2 ಸಿಸಿಯ ಎಂಎಸ್ 381 ದೊಡ್ಡ ದಿಮ್ಮಿ ಕೊಯ್ಯುವ ಕಸುಬಿನವರದ್ದು, ಮನೆಗೆ ತಂದರೆ ಭಾರ.

ಕೊಳ್ಳಲು ಹೋದಾಗ ಎಂಜಿನ್ ಮೊದಲೇ ಬಿಸಿಯಾಗಿದ್ದರೆ ಅನುಮಾನಪಡಬೇಕು. ತಣ್ಣಗಿರುವಾಗಲೇ ನೋಡಬೇಕು. ಸ್ವಿಚ್ ಬಂದ್ ಮಾಡಿ, ಹಗ್ಗದ ಹಿಡಿಕೆ ಹಿಡಿದು ಇಡೀ ಮಷಿನ್ ತೂಗುಬಿಡಿ. ಕಂಪ್ರೆಶನ್ ಗಟ್ಟಿಯಿದ್ದರೆ ಅದು ತಡೆದು ತಡೆದು ಇಳಿಯುತ್ತದೆ, ಸವೆದಿದ್ದರೆ ಸರ್ರನೆ ಜಾರುತ್ತದೆ. ಗೇಜ್ ಇದ್ದರೆ 120 ಪಿಎಸ್‌ಐ ಮೇಲೆ ತೋರಿಸಬೇಕು. 100ರ ಕೆಳಗಿದ್ದರೆ ಪಿಸ್ಟನ್ ಕೆಲಸ ಕಾದಿದೆ. ಆಮೇಲೆ ಸೈಲೆನ್ಸರ್ ಬಿಚ್ಚಿಸಿ. ಎರಡು ಮೂರು ಸ್ಕ್ರೂ ಅಷ್ಟೇ, ಐದು ನಿಮಿಷದ ಮಾತು. ಹೊಗೆ ಹೋಗುವ ಕಿಂಡಿಯಲ್ಲಿ ಮೊಬೈಲ್ ಬೆಳಕು ಬಿಟ್ಟು ಹಗ್ಗವನ್ನು ಮೆಲ್ಲಗೆ ಎಳೆದರೆ ಪಿಸ್ಟನ್ ಮೇಲೆ ಕೆಳಗೆ ಆಡುವುದು ಕಾಣುತ್ತದೆ. ಅದರ ಮೈ ನುಣುಪಾಗಿ, ರಿಂಗ್ ಹೊಳೆಯುತ್ತಿದ್ದರೆ ಒಳ್ಳೆಯದು. ಮೇಲಿಂದ ಕೆಳಗೆ ಉದ್ದುದ್ದ ಗೀರುಗಳು, ಬೂದು ಬಣ್ಣದ ಕಲೆ ಕಂಡರೆ ಆ ಎಂಜಿನ್ ಒಮ್ಮೆ ಎಣ್ಣೆ ಇಲ್ಲದೆ ಬಿಸಿಯಾಗಿ ಹಿಡಿದುಕೊಂಡಿದೆ ಎಂದರ್ಥ. ಇದನ್ನು ನೋಡಲು ಮಾರುವವರು ಬಿಡದಿದ್ದರೆ ಎದ್ದು ಬನ್ನಿ.

ಪಿಸ್ಟನ್ ಮೇಲೆ ಯಾಕೆ ಹಾಗೆ ಗೀರು ಬೀಳುತ್ತದೆ? ಪೆಟ್ರೋಲಿಗೆ 2ಟಿ ಆಯಿಲ್ ಹಾಕಲು ಮರೆಯುವುದು ಒಂದು ಕಾರಣ. ಕಂಪನಿಯ ಆಯಿಲ್ ಆದರೆ ಲೀಟರಿಗೆ 20 ಮಿಲಿ, ಬೇರೆಯದಾದರೆ 40 ಎಂಬುದು ಸ್ಟಿಲ್ ಹೇಳುವ ಲೆಕ್ಕ. ನಮ್ಮಲ್ಲಿ ಬಾಟಲಿ ಮುಚ್ಚಳದ ಅಂದಾಜೇ ಲೆಕ್ಕ. ಎರಡನೆಯ ಕಾರಣಕ್ಕೆ ರಿಪೇರಿ ಅಂಗಡಿಯೇ ಹೊಣೆ. ಗಿರಾಕಿಗೆ ಚೂಪಾದ, ಕಿರಿಚುವ ಸದ್ದು ಬೇಕು. ಮೆಕ್ಯಾನಿಕ್ ಕಾರ್ಬೋರೇಟರಿನ ಎಚ್ ಸ್ಕ್ರೂ ಒಳಗೆ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿಕೊಡುತ್ತಾನೆ. ಸದ್ದು ಏರುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ಆದರೆ ಪಿಸ್ಟನ್ನಿಗೆ ಎಣ್ಣೆ ಮುಟ್ಟಿಸುವುದು ಆ ಪೆಟ್ರೋಲೇ. ಸರಿಯಾಗಿ ಕೂರಿಸಿದ ಎಂಜಿನ್ ಖಾಲಿ ರೇಸ್ ಕೊಟ್ಟಾಗ ಸ್ವಲ್ಪ ತೊದಲಬೇಕು, ಕಟ್ಟಿಗೆಗೆ ತಾಗಿದ ಮೇಲೆ ಸ್ವಚ್ಛವಾಗಬೇಕು. ನಾವು ದೋಷ ಎಂದು ದೂರುವ ಆ ತೊದಲೇ ಎಂಜಿನ್ನಿನ ಆಯುಷ್ಯ.

ಇಲ್ಲೊಂದು ಮಾತು ಬೆಳಗಾವಿಗೆ ವಿಶೇಷವಾಗಿ ಹೇಳಬೇಕು. ಉದ್ಯಮಬಾಗಿನ ಫೌಂಡ್ರಿ, ಲೇಥುಗಳ ಊರು ಇದು. ಏನು ಸವೆದರೂ ಬೋರ್ ಹೊಡೆಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕುವ ಧೈರ್ಯ ನಮ್ಮವರ ರಕ್ತದಲ್ಲಿದೆ. ಹಳೆಯ ಬೈಕಿನ ಬೀಡಿನ ಸ್ಲೀವಿಗೆ ಅದು ಸರಿ. ಒಳ್ಳೆಯ ಚೈನ್‌ಸಾ ಸಿಲಿಂಡರ್ ಅಲ್ಯೂಮಿನಿಯಂನದು, ಒಳಗೆ ತೀರಾ ತೆಳುವಾದ ಗಟ್ಟಿ ಲೇಪವಿದೆ. ಬೋರ್ ಹೊಡೆದರೆ ಲೇಪ ಹೋಯಿತು, ಸಿಲಿಂಡರೂ ಹೋಯಿತು. ಹಲವು ಸಲ ಗೋಡೆಗೆ ಅಂಟಿರುವುದು ಪಿಸ್ಟನ್ನಿನದೇ ಅಲ್ಯೂಮಿನಿಯಂ. ಅದನ್ನು ಆಮ್ಲದಿಂದ ಹುಷಾರಾಗಿ ಕರಗಿಸಿ ತೆಗೆದಾಗ ಕೆಳಗಿನ ಲೇಪ ಉಳಿದಿದ್ದರೆ ಹೊಸ ಪಿಸ್ಟನ್, ರಿಂಗ್ ಸಾಕು. ಇಷ್ಟು ತಾಳ್ಮೆ ಇರುವ ಮೆಕ್ಯಾನಿಕ್ ಸಿಕ್ಕರೆ ಅವರು ಕೇಳಿದ ಮಜೂರಿ ಕೊಡಬೇಕು, ಚೌಕಾಸಿ ಮಾಡಬಾರದು. ಅವರಿಗೆ ಹೇಳಬೇಕಾದದ್ದು ಒಂದೇ: ಪಿಸ್ಟನ್ ಬದಲಿಸುವ ಮುಂಚೆ ಕ್ರ್ಯಾಂಕಿನ ಎರಡೂ ಸೀಲ್ ನೋಡಿ. ಸೀಲ್ ಗಾಳಿ ಎಳೆಯುತ್ತಿದ್ದರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ಇನ್ನು ಪೆಟ್ರೋಲಿನ ಕಥೆ. 20% ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಕಬ್ಬಿನ ಜಿಲ್ಲೆಯಾದ ನಮಗೆ ಎಥನಾಲ್ ಅಂದರೆ ರೈತರ ಆದಾಯ, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ಜೂನಿನಲ್ಲಿ ಟ್ಯಾಂಕ್ ತುಂಬಿಟ್ಟು ಕಣಕುಂಬಿಯಂಥ ಮಳೆಯ ಊರಿನಲ್ಲಿ ಅಕ್ಟೋಬರದವರೆಗೆ ಮೂಲೆಗೆ ಹಾಕಿದ ಮಷಿನ್ ಹೊರತೆಗೆದಾಗ ಕಾರ್ಬೋರೇಟರಿನ ಡಯಾಫ್ರಮ್ ಬಿರುಸಾಗಿರುತ್ತದೆ, ಪೆಟ್ರೋಲ್ ಪೈಪ್ ಮೆತ್ತಗಾಗಿರುತ್ತದೆ. ಇಡೀ ಕಾರ್ಬೋರೇಟರ್ ಬದಲಿಸುವ ಮಾತು ಬಂದರೆ ಒಪ್ಪಬೇಡಿ. ಮೂಲ ಕಂಪನಿಯ ಡಯಾಫ್ರಮ್ ಕಿಟ್, ಒಂದು ಪೈಪ್, ಒಂದು ಫಿಲ್ಟರ್ ಹಾಕಿದರೆ ಹೆಚ್ಚಿನವು ಸರಿಹೋಗುತ್ತವೆ. ಮಳೆಗಾಲದ ಮುಂಚೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಬಂದ್ ಆಗುವವರೆಗೆ ಓಡಿಸಿಟ್ಟರೆ ಆ ಖರ್ಚೂ ಇಲ್ಲ.

ಚೈನಿನ ವಿಷಯದಲ್ಲಿ ನಾವು ಇನ್ನೂ ಹಿಂದೆ ಇದ್ದೇವೆ. ಇಂದಿನ ಚೈನಿನ ಹಲ್ಲಿನ ಆಕಾರ ಬಂದದ್ದು ಮರ ಕೊರೆಯುವ ದುಂಬಿಯ ಹುಳುವಿನಿಂದ. ಅಮೆರಿಕದ ಆರೆಗನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ 1946ರಲ್ಲಿ ಆ ಹುಳು ಎಡಕ್ಕೂ ಬಲಕ್ಕೂ ಕಚ್ಚಿ ಮುಂದೆ ಸಾಗುವುದನ್ನು ಗಮನಿಸಿ, ಮರುವರ್ಷ ಅದೇ ರೀತಿಯ ಚೈನ್ ಮಾಡಿ ಮಾರಿದರು. ಎಡಬಲ ಹಲ್ಲುಗಳು ಸಮವಾಗಿದ್ದರೆ ಮಾತ್ರ ಅದು ನೇರ ಕೊಯ್ಯುತ್ತದೆ. ನಮ್ಮ ಅಂಗಡಿಗಳಲ್ಲಿ ಗ್ರೈಂಡರ್ ಹಿಡಿದು ಹಲ್ಲು ನೀಲಿಗಟ್ಟುವಂತೆ ಉಜ್ಜುತ್ತಾರೆ. ಸುಟ್ಟ ಹಲ್ಲು ಮುಂದೆ ಹರಿತ ಹಿಡಿಯುವುದಿಲ್ಲ. ಸಣ್ಣ ಚೈನಿಗೆ 4 ಮಿಮೀ, .325ಕ್ಕೆ 4.8, ದೊಡ್ಡ 3/8ಕ್ಕೆ 5.2 ಮಿಮೀ ದುಂಡು ಅರ ಬೇಕು. ಅದನ್ನು ಕೈಯಲ್ಲಿ ಉಜ್ಜಲು ಹದಿನೈದು ನಿಮಿಷ. ಕೊಯ್ದಾಗ ಪುಡಿ ಬದಲು ಚಕ್ಕೆ ಬಿದ್ದರೆ ಹರಿತ ಸರಿಯಿದೆ. ಬಾರಿಗೆ ಸುಟ್ಟ ಎಂಜಿನ್ ಆಯಿಲ್ ಸುರಿಯುವ ಪದ್ಧತಿಯನ್ನೂ ಬಿಡಬೇಕು. ಅದರಲ್ಲಿನ ಲೋಹದ ಪುಡಿ ಪಂಪು ತಿನ್ನುತ್ತದೆ, ಹಾರಿ ಬರುವ ಎಣ್ಣೆ ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕ್ ಕಿತ್ತ ಮಷಿನ್ ಮಾರುವುದು. ಬಾರಿನ ತುದಿಯ ಮೇಲ್ಭಾಗ ಟೊಂಗೆಗೆ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಚಿಮ್ಮುತ್ತದೆ. ಅದನ್ನು ತಡೆಯಲೆಂದೇ 1970ರ ದಶಕದಲ್ಲಿ ಚೈನ್ ಬ್ರೇಕ್ ಬಂತು. ಹೊಟ್ಟು ತುಂಬಿ ಬ್ರೇಕ್ ಹಿಡಿದುಕೊಂಡರೆ ಅಥವಾ ಬ್ಯಾಂಡ್ ತುಂಡಾದರೆ, ಸ್ವಚ್ಛ ಮಾಡುವ, ಬದಲಿಸುವ ಗೋಜಿಗೆ ಹೋಗದೆ ಬಿಚ್ಚಿ ಎಸೆಯುತ್ತಾರೆ. ‘ಅದರ ಕೆಲಸ ಇಲ್ರಿ, ಸುಮ್ನ ಅಡ್ಡ ಬರ್ತೈತಿ’ ಎನ್ನುತ್ತಾರೆ. ಕಂಪನ ತಡೆಯುವ ರಬ್ಬರ್ ಹರಿದಾಗ ಬೋಲ್ಟ್ ಹಾಕಿ ಬಿಗಿಯುವುದೂ ಇದೇ ಜಾತಿಯ ರಿಪೇರಿ, ವರ್ಷಗಟ್ಟಲೆ ಹಿಡಿದವರ ಬೆರಳು ಮರಗಟ್ಟುತ್ತವೆ. ಇದಕ್ಕೆ ರಿಪೇರಿ ಎಂಬ ಹೆಸರು ಸಲ್ಲದು. ಪರೀಕ್ಷೆ ಸುಲಭ: ರೇಸ್ ಕೊಟ್ಟು ಮುಂದಿನ ಗಾರ್ಡನ್ನು ಮಣಿಕಟ್ಟಿನಿಂದ ತಳ್ಳಿದರೆ ಚೈನ್ ಆ ಕ್ಷಣವೇ ನಿಲ್ಲಬೇಕು.

ಕಾಗದಪತ್ರವನ್ನೂ ಮರೆಯುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅರಣ್ಯ ಅಪರಾಧಕ್ಕೆ ಬಳಸಿದ ಸಲಕರಣೆಯನ್ನು ಜಪ್ತಿ ಮಾಡಬಹುದು. ಖಾನಾಪುರ ತಾಲ್ಲೂಕಿನಲ್ಲಿ 2011ರಿಂದ ಭೀಮಗಡ ವನ್ಯಜೀವಿಧಾಮವೂ ಇದೆ. ಬಿಲ್ಲಿಲ್ಲದ ಮಷಿನ್ ಎಲ್ಲಿಂದ ಬಂದಿದೆಯೋ ನಿಮಗೆ ತಿಳಿಯದು. ಮೂಲ ಬಿಲ್ ಇಲ್ಲದಿದ್ದರೆ ಸೀರಿಯಲ್ ನಂಬರ್ ಬರೆದ ಸಹಿ ಚೀಟಿಯನ್ನಾದರೂ ಪಡೆಯಿರಿ. ಸ್ವಂತ ಹೊಲದ ಮರವಾದರೂ, ಕೆಲವು ಜಾತಿಗಳನ್ನು ಬಿಟ್ಟು, 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಕಡಿಯುವ ಮುಂಚೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಮೆಕ್ಯಾನಿಕ್ ಬಂಧುಗಳಲ್ಲಿ ನನ್ನ ವಿನಂತಿ: ಬ್ರೇಕ್ ಇಲ್ಲದ ಮಷಿನ್ ಅಂಗಡಿಗೆ ಬಂದರೆ ಎಂಜಿನ್ ಮುಟ್ಟುವ ಮುಂಚೆ ಬ್ರೇಕ್ ಹಾಕಿಸಿ, ಒಪ್ಪದ ಗಿರಾಕಿಯನ್ನು ವಾಪಸ್ ಕಳಿಸಿ. ಕೊಳ್ಳುವವರೇ, ನೀವೂ ಅಷ್ಟೇ. ಒಂದೇ ಜಗ್ಗಿಗೆ ಚಾಲೂ ಆಗುವ, ಬ್ರೇಕ್ ಕಿತ್ತ ಮಷಿನ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಮನೆಗೆ ತರಬೇಡಿ.